ಬೀಥೋವನ್ ಸುತ್ತಿದ ತ್ರಿಕೋನಗಳು

ಷಡ್ಜ, ಅಂತರ ಗಾಂಧಾರ, ಪಂಚಮ ಈ ಮೂರನ್ನೂ ಒಟ್ಟಿಗೆ ನುಡಿಸಿದರೆ ಪಾಶ್ಚಾತ್ಯ ಸಂಗೀತದ ಮೇಜರ್ ಕಾರ್ಡ್ ಆಗುತ್ತದೆ. ಸಿ ಶ್ರುತಿಯಲ್ಲಿ ಅದು ಸಿ-ಇ-ಜಿ. ಮೂರರ ಕಂಪನಾಂಕಗಳು 4:5:6ರ ಅನುಪಾತದಲ್ಲಿರುತ್ತವೆ. ಇದು ಯಾರೋ ಕೂತು ಬರೆದ ನಿಯಮವಲ್ಲ. ಒಂದು ತಂತಿ ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕು, ಐದು, ಆರರಷ್ಟು ಕಂಪನಾಂಕದ ನಾದಗಳೂ ಹೊರಡುತ್ತವೆ. ಕೊನೆಯ ಮೂರು ಸೇರಿದರೆ ಸ-ಗ-ಪ. ಶ್ರುತಿ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸದ ಗಾಂಧಾರ ಕೇಳಿಬರುವುದಕ್ಕೂ ಇದೇ ಕಾರಣ. ಕರ್ನಾಟಕ ಸಂಗೀತದ ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ.

ಕಮ್ಮಾರನ ಸುತ್ತಿಗೆಗಳ ತೂಕದಿಂದ ಪೈಥಾಗೊರಸ್ ಈ ಅನುಪಾತಗಳನ್ನು ಕಂಡುಕೊಂಡನೆಂಬ ಕಥೆಯನ್ನು ನಂಬಬೇಕಿಲ್ಲ; ಸುತ್ತಿಗೆಯ ತೂಕಕ್ಕೂ ಸ್ವರಕ್ಕೂ ಅಂಥ ನೇರ ಸಂಬಂಧವೇ ಇಲ್ಲ. ತಂತಿಯ ಉದ್ದದ ಲೆಕ್ಕ ಮಾತ್ರ ನಿಜ. ತೊಡಕಿರುವುದೂ ಅಲ್ಲೇ. 3:2ರ ಪಂಚಮವನ್ನು ಹನ್ನೆರಡು ಸಲ ಏರಿದರೆ ಏಳು ಸ್ಥಾಯಿಗಿಂತ ಶೇ 1.4ರಷ್ಟು ಮೇಲೆ ಹೋಗಿಬಿಡುತ್ತದೆ. ಈ ಹೆಚ್ಚುವರಿಯನ್ನು ಹನ್ನೆರಡು ಸ್ವರಸ್ಥಾನಗಳಿಗೂ ಸಮನಾಗಿ ಹಂಚಿದ್ದೇ ಇಂದಿನ ಪಿಯಾನೊ, ಕೀಬೋರ್ಡ್‌ಗಳ ಶ್ರುತಿ. ಪಂಚಮ 1.5 ಇರಬೇಕಾದಲ್ಲಿ 1.4983 ಆಗುತ್ತದೆ, ಅದು ಕಿವಿಗೆ ತಿಳಿಯುವುದೇ ಕಷ್ಟ. ಗಾಂಧಾರ ಮಾತ್ರ 1.25ರ ಬದಲು 1.26 ಆಗುತ್ತದೆ. ತಂಬೂರಿಗೆ ಪಳಗಿದ ಕಿವಿಗೆ ಕೀಬೋರ್ಡಿನ ಗಾಂಧಾರ ತುಸು ಏರಿದಂತೆ ಕೇಳಿದರೆ ತಪ್ಪು ಕಿವಿಯದಲ್ಲ.

ಆದರೆ ಕಾರ್ಡ್‌ಗಳ ಜ್ಯಾಮಿತಿ ಹುಟ್ಟುವುದು ಈ ರಾಜಿಯಿಂದಲೇ. ಲಿಯೊನಾರ್ಡ್ ಆಯ್ಲರ್ 1739ರ ತನ್ನ ಸಂಗೀತ ಗ್ರಂಥದಲ್ಲಿ ಸ್ವರಗಳನ್ನು ಪಂಚಮ ಮತ್ತು ಗಾಂಧಾರದ ಅಂತರಗಳಿಂದ ಜಾಲವಾಗಿ ಹೆಣೆದ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಶಾಸ್ತ್ರಕಾರರು ಅದನ್ನು ಬೆಳೆಸಿದರು. ಅಡ್ಡಸಾಲಿನಲ್ಲಿ ಪಂಚಮ, ಎರಡು ಓರೆಸಾಲುಗಳಲ್ಲಿ ದೊಡ್ಡ ಗಾಂಧಾರ ಮತ್ತು ಚಿಕ್ಕ ಗಾಂಧಾರ. ಹೀಗೆ ಜೋಡಿಸಿದಾಗ ಪ್ರತಿ ತ್ರಿಕೋನವೂ ಒಂದು ಕಾರ್ಡ್: ತುದಿ ಮೇಲಿದ್ದರೆ ಮೇಜರ್, ಕೆಳಗಿದ್ದರೆ ಮೈನರ್. ಶುದ್ಧ ಅನುಪಾತಗಳಲ್ಲಿ ಈ ಜಾಲಕ್ಕೆ ಕೊನೆಯೇ ಇಲ್ಲ. ಸಮ ಹಂಚಿಕೆಯ ಶ್ರುತಿಯಲ್ಲಾದರೋ ಹನ್ನೆರಡು ಪಂಚಮ ಏರಿದರೂ ಮೂರು ದೊಡ್ಡ ಗಾಂಧಾರ ಏರಿದರೂ ಹೊರಟ ಸ್ವರಕ್ಕೇ ಬಂದು ನಿಲ್ಲುತ್ತೇವೆ. ಹಾಳೆ ಎರಡೂ ದಿಕ್ಕಿನಲ್ಲಿ ಸುರುಳಿಯಾಗಿ ಕೋಡುಬಳೆಯ ಆಕಾರ ತಳೆಯುತ್ತದೆ. ಅದರ ಮೈಮೇಲೆ 12 ಬಿಂದು, 36 ಗೆರೆ, 24 ತ್ರಿಕೋನ. ಇರುವ ಮೇಜರ್, ಮೈನರ್ ಕಾರ್ಡ್‌ಗಳೂ ಅಷ್ಟೇ.

ಒಂದು ಗೆರೆಯನ್ನು ಹಂಚಿಕೊಂಡ ತ್ರಿಕೋನಗಳಿಗೆ ಎರಡು ಸ್ವರಗಳು ಸಮಾನ. ಮೂರನೆಯದನ್ನು ಹನ್ನೆರಡು ಸ್ವರಸ್ಥಾನಗಳ ಏಣಿಯಲ್ಲಿ ಒಂದೆರಡು ಮೆಟ್ಟಿಲು ಸರಿಸಿದರೆ ಸಾಕು, ಪಕ್ಕದ ಕಾರ್ಡ್ ಸಿಗುತ್ತದೆ. ಬೀಥೋವನ್ ಇದನ್ನು ಎಷ್ಟು ದೂರ ಒಯ್ದ ಎನ್ನುವುದಕ್ಕೆ 1824ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದ ಒಂಬತ್ತನೆಯ ಸಿಂಫನಿಯ ಎರಡನೆಯ ಭಾಗ ಸಾಕ್ಷಿ. ಸಿ ಮೇಜರ್, ಎ ಮೈನರ್, ಎಫ್ ಮೇಜರ್, ಡಿ ಮೈನರ್, ಬಿ ಫ್ಲಾಟ್ ಮೇಜರ್ ಎಂದು ಶುರುವಾದ ಸರಣಿ ಎಲ್ಲೂ ತಪ್ಪದೆ ಎ ಮೇಜರ್‌ವರೆಗೆ ಹತ್ತೊಂಬತ್ತು ಕಾರ್ಡ್ ಓಡುತ್ತದೆ.

ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡಬಹುದು. ಸಿ-ಇ-ಜಿಯಲ್ಲಿ ಜಿ ಎರಡು ಮೆಟ್ಟಿಲೇರಿ ಎ ಆದರೆ ಎ ಮೈನರ್. ಆಮೇಲೆ ಇ ಒಂದೇ ಮೆಟ್ಟಿಲೇರಿ ಎಫ್ ಆದರೆ ಎಫ್ ಮೇಜರ್. ಮುಂದಿನ ಸರದಿ ಸಿಯದು. ಅದು ಡಿಗೆ ಏರಿದರೆ ಡಿ ಮೈನರ್. ಎರಡು, ಒಂದು, ಎರಡು, ಒಂದು ಎಂದು ಮೂರೂ ಸ್ವರಗಳು ಪಾಳಿಯ ಪ್ರಕಾರ ಏರುತ್ತಲೇ ಇರುತ್ತವೆ, ಒಂದೂ ಇಳಿಯುವುದಿಲ್ಲ. ಹದಿನೆಂಟು ಹೆಜ್ಜೆ ಮುಗಿದಾಗ ಪ್ರತಿಯೊಂದೂ ಆರು ಸಲ ಚಲಿಸಿ ಸರಿಯಾಗಿ ಒಂಬತ್ತು ಮೆಟ್ಟಿಲು ಮೇಲಿರುತ್ತದೆ. ಇನ್ನು ಆರು ಹೆಜ್ಜೆ ಹಾಕಿದ್ದರೆ ಇಪ್ಪತ್ನಾಲ್ಕೂ ತ್ರಿಕೋನಗಳನ್ನು ಒಂದೊಂದು ಸಲ ಮುಟ್ಟಿ, ಸಿ ಮೇಜರ್‌ಗೇ ಒಂದು ಸ್ಥಾಯಿ ಮೇಲೆ ಬಂದಿಳಿಯಬಹುದಿತ್ತು. ಬಿಟ್ಟುಹೋದವು ಐದೇ: ಎಫ್ ಶಾರ್ಪ್ ಮೈನರ್, ಡಿ ಮೇಜರ್, ಬಿ ಮೈನರ್, ಜಿ ಮೇಜರ್, ಇ ಮೈನರ್. ವಾದ್ಯವೃಂದದಲ್ಲಿ ಸ್ವರಗಳು ಇಷ್ಟು ಶಿಸ್ತಾಗಿ ಹಂಚಿಹೋಗಿಲ್ಲ, ನಿಜ. ಬೀಥೋವನ್ ಕೋಡುಬಳೆಯ ನಕ್ಷೆ ಮುಂದಿಟ್ಟುಕೊಂಡು ಬರೆದನೆಂದು ಹೇಳುವುದೂ ಅತಿಯಾದೀತು. ಸರಣಿ ಮಾತ್ರ ಪುಟದ ಮೇಲೆ ಕಣ್ಣಿಗೆ ಕಾಣುವಂತಿದೆ. ರಿಚರ್ಡ್ ಕೋನ್‌ನಂಥ ಅಮೆರಿಕದ ವಿದ್ವಾಂಸರು 1990ರ ದಶಕದಲ್ಲಿ ಈ ಬಗೆಯ ನಡೆಗಳನ್ನು ಶಾಸ್ತ್ರವಾಗಿ ಕಟ್ಟಿದಾಗ ಇದು ಅವರ ನೆಚ್ಚಿನ ಉದಾಹರಣೆಯಾಯಿತು.

ಪಕ್ಕದ ಕಾರ್ಡ್ ಇಷ್ಟು ಹತ್ತಿರ ಸಿಗುವುದೇಕೆ? ಒಂದು ಸ್ಥಾಯಿಯ ಹನ್ನೆರಡು ಮೆಟ್ಟಿಲನ್ನು 4-4-4 ಎಂದು ಸಮನಾಗಿ ಒಡೆದರೆ ಬರುವುದು ಆಗ್ಮೆಂಟೆಡ್ ಕಾರ್ಡ್. ಮೇಜರ್ 4-3-5, ಮೈನರ್ 3-4-5. ಸಮಪಾಲಿಗೆ ತೀರ ಹತ್ತಿರ, ಆದರೆ ಸಮಪಾಲಲ್ಲ. ಆಗ್ಮೆಂಟೆಡ್ ಕಾರ್ಡಿನ ಯಾವುದೇ ಸ್ವರವನ್ನು ಒಂದು ಮೆಟ್ಟಿಲು ಇಳಿಸಿದರೆ ಮೇಜರ್, ಏರಿಸಿದರೆ ಮೈನರ್. ಇಂಥವು ನಾಲ್ಕೇ ಇವೆ, ಒಂದೊಂದರ ಸುತ್ತ ಆರು. ಇಪ್ಪತ್ನಾಲ್ಕರ ಲೆಕ್ಕ ಇಲ್ಲೂ ಚುಕ್ತಾ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಿಮಿಟ್ರಿ ಟಿಮೋಚ್ಕೊ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೆ ಪೂರ್ಣ ರೂಪ ಕೊಟ್ಟರು. ಎರಡು ಸ್ವರಗಳ ಕಾರ್ಡ್‌ಗಳೆಲ್ಲ ಮೋಬಿಯಸ್ ಪಟ್ಟಿಯ ಮೇಲೆ ಕೂರುತ್ತವೆ: ಅಂಚಿನಲ್ಲಿ ಒಂದೇ ಸ್ವರದ ಜೋಡಿ, ನಡುಗೆರೆಯಲ್ಲಿ ಸ ಮತ್ತು ಪ್ರತಿ ಮಧ್ಯಮದಂತೆ ಸ್ಥಾಯಿಯನ್ನು ಇಬ್ಭಾಗ ಮಾಡುವ ಜೋಡಿ. ಮೂರು ಸ್ವರಗಳಿಗೆ ಒಂದು ತ್ರಿಕೋನ ಪಟ್ಟಕ. ಅದರ ಒಂದು ತುದಿಯನ್ನು ಮೂರನೇ ಒಂದು ಸುತ್ತು ತಿರುಚಿ ಇನ್ನೊಂದಕ್ಕೆ ಅಂಟಿಸಬೇಕು. ಆಗ್ಮೆಂಟೆಡ್ ಕಾರ್ಡ್‌ಗಳು ನಡುವಿನ ಅಕ್ಷದಲ್ಲಿ, ಮೇಜರ್ ಮೈನರ್‌ಗಳು ಅದನ್ನು ಸುತ್ತುವರಿದು. ಕಿವಿಗೆ ಇಂಪಾದ 4:5:6 ಮತ್ತು ಚಲನೆಗೆ ಸುಲಭವಾದ ಹೆಚ್ಚುಕಡಿಮೆ ಸಮಪಾಲು ಒಂದೇ ಕಾರ್ಡಿನಲ್ಲಿ ಕೂಡಿಬಂದಿರುವುದು ಕಾಕತಾಳೀಯ. ಪಾಶ್ಚಾತ್ಯ ಸಂಗೀತದ ಅರ್ಧ ವೈಭವ ಈ ಕಾಕತಾಳೀಯದ ಮೇಲೆಯೇ ನಿಂತಿದೆ ಎಂದರೂ ನಡೆದೀತು.

ನಾಲ್ಕು ಸ್ವರಗಳಿಗೆ ನಾಲ್ಕು ಆಯಾಮಗಳ ಜಾಗ ಬೇಕು. ಚಿತ್ರ ಬರೆಯಲು ಬರುವುದಿಲ್ಲ. ಶೊಪ್ಯಾಂನ ಇ ಮೈನರ್ ಪ್ರಿಲ್ಯೂಡ್‌ನಲ್ಲಿ ಎಡಗೈ ಕಾರ್ಡ್‌ಗಳು ಸ್ವರದಿಂದ ಸ್ವರಕ್ಕೆ ಮೆಲ್ಲನೆ ಜಾರುವುದನ್ನು ಟಿಮೋಚ್ಕೊ ಅಂಥ ಜಾಗದಲ್ಲಿ ಗುರುತಿಸಿದ್ದಾರೆ. ಆ ಪ್ರಿಲ್ಯೂಡ್ ಅಚ್ಚಾದದ್ದು 1839ರಲ್ಲಿ. ಇಂಥ ಜಾಗಗಳನ್ನು ಗಣಿತದಲ್ಲಿ ಆರ್ಬಿಫೋಲ್ಡ್ ಎನ್ನುತ್ತಾರೆ. ಜಪಾನಿನ ಇಚಿರೊ ಸಾತಾಕೆ ಅವನ್ನು ಬೇರೆ ಹೆಸರಿನಲ್ಲಿ ಮೊದಲು ವ್ಯಾಖ್ಯಾನಿಸಿದ್ದು 1956ರಲ್ಲಿ.