ಕಲ್ಲು ಡೊಂಕು

ತಿರುವನಂತಪುರದ ಕಳಕ್ಕೂಟದ ಪೇಟೆಯಲ್ಲಿ ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತದೆ. 2022ರ ಕೊನೆಯಲ್ಲಿ ಹೆದ್ದಾರಿಯ ಮೇಲ್ಸೇತುವೆ ತೆರೆದ ಮೇಲೆ ಕೊಲ್ಲಂ ಕಡೆಯ ಲಾರಿಗಳೆಲ್ಲ ತಲೆಯ ಮೇಲೆ ಹಾದುಹೋಗುತ್ತವೆ. ಕೆಳಗೆ ಕಂಬಗಳ ನಡುವೆ ಆಟೊ ಸಾಲು, ಪರೋಟಾ ಬಡಿಯುವ ಸದ್ದು, ಪೇಯಿಂಗ್ ಗೆಸ್ಟ್ ಬೋರ್ಡುಗಳು. ಟೆಕ್ನೋಪಾರ್ಕು 1990ರಲ್ಲಿ ಇಲ್ಲಿಗೆ ಬಂದ ಮೇಲೆ ಊರು ಹೀಗೆ ಬೆಳೆಯಿತಂತೆ. ಅದಕ್ಕೂ ಹಿಂದೆ, ಮಾರ್ತಾಂಡವರ್ಮನ ಕಾಲದಲ್ಲಿ, ರಾಜನಿಗೇ ಸವಾಲು ಹಾಕಿದ ಎಂಟು ಮನೆಯ ಪಿಳ್ಳೆಗಳಲ್ಲಿ ಒಬ್ಬ ಈ ಊರಿನವನು. ಈಗ ಇಲ್ಲಿ ಕತ್ತಿ ಕಾಣಬೇಕಾದರೆ ಕ್ಷೌರದಂಗಡಿಗೇ ಹೋಗಬೇಕು.

ಭಾನುವಾರ ಬೆಳಗ್ಗೆ ನಾನು ಹೋದದ್ದೂ ಅಲ್ಲಿಗೇ. ಕೈಯಲ್ಲೊಂದು ಹಳೆ ಪಂಚೆಯ ಗಂಟು. ಒಳಗೆ ತಾತನ ಮಡಚು ಕತ್ತಿ, ಜೊತೆಗೆ ಅವರ ಪುಟ್ಟ ಸಾಣೆಕಲ್ಲು. ತಿಪಟೂರು ಕಡೆಯ ನಮ್ಮ ಮನೆಯ ಅಟ್ಟದಿಂದ ಇಳಿದು, ಬೆಂಗಳೂರು ದಾಟಿ, ನನ್ನ ಕೆಲಸದ ಹಿಂದೆಯೇ ಈ ಊರಿಗೆ ಬಂದದ್ದು.

ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿ, ಎರಡು ಕುರ್ಚಿ, ಪಟಿಕದ ತುಂಡು, ಪೌಡರಿನ ಘಮ. ಅಂಗಡಿಯವರ ಮಗ ಕುರ್ಚಿಯ ಹಿಂದೆ ನಿಂತು ಬ್ಲೇಡನ್ನು ಲಟಕ್ಕನೆ ಎರಡಾಗಿ ಮುರಿದು ಹಿಡಿಗೆ ಸಿಕ್ಕಿಸುತ್ತಾನೆ; ಒಂದು ಗಡ್ಡಕ್ಕೆ ಒಂದು ತುಂಡು. 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. ಆಮೇಲಿನ ವರ್ಷಗಳಲ್ಲಿ ಮಸೆಯುವ ಕತ್ತಿ ಅಂಗಡಿಗಳಿಂದ ಮೆಲ್ಲಗೆ ಜಾಗ ಖಾಲಿ ಮಾಡಿತು. ಅದರ ಜೊತೆಗೆ ಮಸೆಯುವ ಕೈಗಳೂ ಬಾಗಿಲ ಬಳಿಯ ಸ್ಟೂಲಿಗೆ ಸರಿದವು. ಎಪ್ಪತ್ತು ದಾಟಿದ ಅಪ್ಪ ಅಲ್ಲೇ ಪೇಪರು ಓದುತ್ತ ಕೂತಿದ್ದರು.

"ಎಂತರಪ್ಪೀ?" ಎಂದರು. ತಿರುವನಂತಪುರದವರು 'ಏನಪ್ಪಾ' ಅನ್ನುವ ರೀತಿ ಅದು. ಇಲ್ಲಿ ಹಿರಿಯರನ್ನು ಕರೆಯಲು ನಮ್ಮ 'ಅಣ್ಣ'ನೇ ನಡೆಯುತ್ತದೆ, ನನಗೆ ಅದೊಂದು ಅನುಕೂಲ. "ಅಣ್ಣಾ, ಇದೊಂದು ನೋಡಬೇಕಿತ್ತು" ಎಂದು ಗಂಟು ಬಿಚ್ಚಿದೆ.

ಅವರು ಕತ್ತಿಯನ್ನು ಮಡಚಿನಿಂದ ಬಿಡಿಸಿ, ಹೆಬ್ಬೆರಳ ತುದಿಯನ್ನು ಅಂಚಿಗೆ ಅಡ್ಡಲಾಗಿ ತಾಗಿಸಿ, "ಮೂರ್ಚ್ಚ ಒಟ್ಟುಮಿಲ್ಲ" ಎಂದರು. ಮಲಯಾಳದಲ್ಲಿ ಮೂರ್ಚ್ಚ ಎಂದರೆ ಹರಿತ. ಕನ್ನಡದ ಕಿವಿಗೆ ಮಾತ್ರ ಕತ್ತಿಗೆ ಪ್ರಜ್ಞೆ ಇದೆ, ಗಾಬರಿ ಬೇಡ ಎಂದು ಡಾಕ್ಟರು ಹೇಳಿದಂತೆ ಕೇಳಿಸಿತು. ಮುಂದಿನ ಮಾತಿಗೆ ಅರ್ಥ ಬೇಕಾಗಲಿಲ್ಲ: "ನಡುಕ್ಕ್ ತೇಞ್ಞು ಪೋಯಿ." ಗಂಧ ತೇಯುತ್ತೇವಲ್ಲ, ಅದೇ ತೇಯು. ನಡುವೆ ತೇದುಹೋಗಿದೆ.

ಎಷ್ಟು ತೇದಿದೆ ಎಂದು ತೋರಿಸಲು ಒಂದು ಗಾಜಿನ ತುಂಡು ತೆಗೆದರು. ಕತ್ತಿಯ ಬಾಯನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ ಬೆಳಕಿಗೆ ಹಿಡಿದರು. ಹಿಡಿಯ ಕಡೆ ಒಂದು ಬಿಂದು, ತುದಿಯ ಕಡೆ ಒಂದು ಬಿಂದು ಗಾಜಿಗೆ ತಾಗಿವೆ. ನಡುವಿನಲ್ಲಿ ಕತ್ತರಿಸಿದ ಉಗುರಿನಂಥ ಸಣ್ಣ ಬೆಳಕು ನುಸುಳುತ್ತಿದೆ. ಗಡ್ಡ ಹೆರೆಯಬೇಕಾದ ಜಾಗ ಗಡ್ಡವನ್ನೇ ಮುಟ್ಟದು. ಮುಟ್ಟುವ ಎರಡು ಮೂಲೆಗಳು ಕೆನ್ನೆ ಕೆರೆಯುತ್ತವೆ. ತಿರುಗಿಸಿದರೆ ಬೆನ್ನಿನ ಮೇಲೂ ಅದೇ ಕತೆ: ನಟ್ಟನಡುವೆ ಎರಡು ಬೆರಳಗಲ ಸವೆದು ಚಪ್ಪಟೆಯಾಗಿ ಹೊಳೆಯುತ್ತಿದೆ.

ತಪ್ಪು ಯಾರದೆಂದು ಕತ್ತಿಯಲ್ಲೇ ಬರೆದಿತ್ತು. ಅಲಗು ಮೂರಿಂಚು ಉದ್ದ, ತಾತನ ಕಲ್ಲು ಎರಡೇ ಇಂಚು ಅಗಲ. ಮೇಷ್ಟ್ರಾಗಿದ್ದ ಅವರು ಭಾನುವಾರಕ್ಕೊಮ್ಮೆ ಜಗುಲಿಯ ಮೇಲೆ ಕೂತು, ನಡು ಅಲಗಿನ ಮೇಲೆ ತೋರುಬೆರಳೊತ್ತಿ, ನೆಟ್ಟಗೆ ಹಿಂದೆ ಮುಂದೆ ಉಜ್ಜುತ್ತಿದ್ದರು. ಕಲ್ಲಿಗೆ ಸಿಕ್ಕಷ್ಟು ಸವೆಯಿತು, ಸಿಗದ ಎರಡು ಕೊನೆ ಹಾಗೆಯೇ ಉಳಿದವು. ಕಲ್ಲೂ ಸುಮ್ಮನಿರಲಿಲ್ಲ. ಅಣ್ಣ ಅದರ ಮೇಲೆ ಸ್ಕೇಲಿಟ್ಟಾಗ ಕೆಳಗೆ ದೋಣಿಯ ಹೊಟ್ಟೆಯಷ್ಟು ತಗ್ಗು ಕಂಡಿತು.

'ಕುಣಿಯಲಾರದವಳು ನೆಲ ಡೊಂಕೆಂದಳಂತೆ' ಎಂದು ಗಾದೆ ನಗುತ್ತದೆ. ಕ್ಷೌರದ ಕತ್ತಿಯ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕಿರುತ್ತದೆ. ಮೊದಲು ನೆಲ, ಆಮೇಲೆ ಕುಣಿತ. ಅಣ್ಣ ಕತ್ತಿಯನ್ನು ಪಕ್ಕಕ್ಕಿಟ್ಟು, ತಾತನ ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೀಚಿದರು. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ನೀರು ಚಿಮುಕಿಸಿ, ಕಲ್ಲನ್ನು ಬೋರಲು ಹಾಕಿ ತಿಕ್ಕಿದರು. ಹತ್ತು ಸುತ್ತಿಗೆ ಅಂಚಿನ ಗೆರೆಗಳು ಮಾಯ, ನಡುವಿನವು ಗಟ್ಟಿ. ನೂರಕ್ಕೂ ಅಲ್ಲೊಂದು ಇಲ್ಲೊಂದು. ಕೊನೆಯ ಗೆರೆ ಅಳಿಸುವ ಹೊತ್ತಿಗೆ ಮಗ ನಾಲ್ಕು ಗಡ್ಡ ಮುಗಿಸಿದ್ದ.

ಈಗ ಕತ್ತಿಯ ಸರದಿ. ಮೊದಲು ಮಾಡಿದ್ದು ನೋಡಿ ನನ್ನ ಎದೆ ಝಲ್ಲೆಂದಿತು. ತಮ್ಮದೇ ಅಗಲವಾದ ಒರಟು ಕಲ್ಲಿನ ಮೇಲೆ ಅಂಚನ್ನು ನೆಟ್ಟಗೆ ನಿಲ್ಲಿಸಿ, ಕಲ್ಲನ್ನೇ ಕೊಯ್ಯುವವರಂತೆ ಎಳೆದರು. ಇದ್ದಬದ್ದ ಹರಿತವೂ ಸತ್ತಿತು. ಗಾಜಿನ ಮೇಲಿಟ್ಟರೆ ಬೆಳಕು ನುಸುಳಲಿಲ್ಲ. ಅಂಚು ಗೆರೆ ಎಳೆದಂತೆ ನೇರ. ಆದರೆ ಅದರುದ್ದಕ್ಕೂ ಮೊಂಡುತನದ ಬಿಳಿ ಹೊಳಪು. ಆ ಹೊಳಪು ಅಳಿಯುವ ತನಕ ಮಸೆಯಬೇಕು.

ಕ್ಷೌರದ ಕತ್ತಿಯ ಜಾಣ್ಮೆ ಇರುವುದು ಬೆನ್ನಿನಲ್ಲಿ. ಅಡುಗೆಮನೆ ಚಾಕು ಮಸೆಯುವಾಗ ಕೋನವನ್ನು ಕೈ ಕಾಯಬೇಕು. ಇಲ್ಲಿ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ಮಲಗಿಸಿದರೆ ಕೋನ ತಾನಾಗಿಯೇ ಕೂರುತ್ತದೆ. ಅಣ್ಣ ಹಿಡಿಯ ಕಡೆಯಿಂದ ಆರಂಭಿಸಿ, ಓರೆಯಾಗಿ ಎಳೆದು, ತುದಿಯಲ್ಲಿ ಮುಗಿಸುತ್ತಿದ್ದರು. ಹೀಗೆ ಎಳೆದರೆ ಅಲಗಿನ ಪ್ರತಿ ಬಿಂದುವಿಗೂ ಕಲ್ಲಿನ ಪಾಲು ಸಿಗುತ್ತದೆ. ಬಾಯಿ ಮುಂದೆ, ಬೆನ್ನು ಹಿಂದೆ. ಕಲ್ಲಿನ ಮೇಲಿನ ಪೊರೆಯೊಂದನ್ನು ಹೆರೆದು ತೆಗೆದಂತೆ. ಕೊನೆಗೆ ಬಂದಾಗ ಬೆನ್ನಿನ ಮೇಲೇ ಹೊರಳಿಸಿ ವಾಪಸು. ಭಾರ ಹಾಕುವುದಿಲ್ಲ, ಕತ್ತಿಯ ತೂಕವೇ ಸಾಕು. ನಡುನಡುವೆ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಮ್ಮೆ ಎಳೆದು ನೋಡುವರು. ಮಸಿ ಉಳಿದ ಜಾಗ ಕಲ್ಲು ಮುಟ್ಟದ ಜಾಗ.

"ಜರ್ಮನ್ ಉರುಕ್ಕ್" ಎಂದು ಮೆಚ್ಚಿದರು. ಅಲಗಿನ ಬುಡದಲ್ಲಿ ಸೋಲಿಂಗೆನ್ ಎಂಬ ಮುದ್ರೆಯಿದೆ. ಆ ಊರಿನ ಹೆಸರನ್ನು ಬೇರೆಯವರು ಒತ್ತಬಾರದೆಂದು ಜರ್ಮನಿ 1938ರಲ್ಲಿ ಕಾನೂನನ್ನೇ ಮಾಡಿತ್ತು. ಮಲಯಾಳದ ಉರುಕ್ಕು ನಮ್ಮ ಉಕ್ಕು. ಇಂಗ್ಲಿಷರ ಬಾಯಲ್ಲಿ ಅದು 'ವೂಟ್ಸ್' ಆಯಿತೆಂದು ಹೇಳುತ್ತಾರೆ. ವಿದ್ಯುತ್ತಿಗೆ ಹೆಸರಾದ ಮೈಕೆಲ್ ಫ್ಯಾರಡೆ 1820ರ ಸುಮಾರಿಗೆ ಚಾಕು ಕಸುಬಿನ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ವೂಟ್ಸನ್ನು ಪರೀಕ್ಷಿಸಿದ, ತಾವು ಬೆರೆಸಿದ ಉಕ್ಕಿನ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಹಂಚಿದ. ಅವರ ಗೆಳೆಯರ ಗಡ್ಡಕ್ಕೂ ನಮ್ಮ ಭಾಷೆಯ ಒಂದು ಮಾತಿಗೂ ಅಷ್ಟರಮಟ್ಟಿಗೆ ನಂಟು.

ಬಿಳಿ ಹೊಳಪು ಅಳಿಯಿತು. ಒರಟು ಕಲ್ಲು ಮುಗಿದು ನಯ, ನಯ ಮುಗಿದು ಇನ್ನೂ ನಯ. ಸದ್ದೂ ಬದಲಾಯಿತು: ಮೊದಲಿನ ಕರಕರ ಸರಸರವಾಗಿ, ಕಡೆಗೆ ರೇಷ್ಮೆ ಎಳೆದಷ್ಟು. ಆಮೇಲೆ ಗೋಡೆಗೆ ತೂಗುಬಿದ್ದ ಚರ್ಮದ ಪಟ್ಟಿ. ಅಲ್ಲಿ ದಿಕ್ಕು ತಿರುವು: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಚರ್ಮವೂ ಹೋಯಿತು, ಅಂಚೂ ಹೋಯಿತು. ನೆಲದಿಂದ ಒಂದು ಕೂದಲು ಹೆಕ್ಕಿ ಇಳಿಬಿಟ್ಟು ಅಲಗು ತಾಗಿಸಿದರು. ಕೂದಲು ಬಾಗಲಿಲ್ಲ, ಅರ್ಧವಾಗಿ ಬಿತ್ತು.

ಬೆನ್ನಿನ ಚಪ್ಪಟೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ಅದನ್ನೂ ಸರಿಮಾಡಲು ಹೋದರೆ ಕತ್ತಿಯೇ ಉಳಿಯದು, ಬೆನ್ನಿನ ಎರಡು ಕೊನೆ ಕಲ್ಲಿಗೆ ಕೂತರೆ ಸಾಕು ಎಂದರು. ಕಡಲ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆಂದು ಅಲಗಿಗೆ ತೆಂಗಿನೆಣ್ಣೆ ಸವರಲು ಕೈ ಚಾಚಿದವರು, ಏನೋ ನೆನಪಾಗಿ ನಿಲ್ಲಿಸಿದರು. ಹಿಡಿಯನ್ನು ನನ್ನ ಕಡೆ ತಿರುಗಿಸಿ ಕಲ್ಲಿನತ್ತ ಗಲ್ಲ ಆಡಿಸಿದರು: ನೀನೂ ಒಂದು ಸಲ ಎಳೆ.

ತಾತನ ಕಲ್ಲನ್ನೇ ಮುಂದಿಟ್ಟುಕೊಂಡೆ. ಈಗ ಅದು ಗಾಜಿನಷ್ಟು ಮಟ್ಟ. ಬೆನ್ನು, ಬಾಯಿ ಎರಡನ್ನೂ ಮಲಗಿಸಿ ಉಸಿರು ಹಿಡಿದು ಎಳೆಯತೊಡಗಿದೆ. ನನಗೇ ತಿಳಿಯದಂತೆ ತೋರುಬೆರಳು ಹೋಗಿ ನಟ್ಟನಡುವಿನ ಚಪ್ಪಟೆಯ ಮೇಲೆ ಒತ್ತಿ ಕೂತಿತ್ತು; ಜಾಗ ನನ್ನ ಅಳತೆಗೇ ಮಾಡಿಸಿದಂತಿತ್ತು. ಅಣ್ಣ ಪೆನ್ಸಿಲಿನಿಂದ ಬೆರಳಿಗೆ ಟಕ್ಕೆಂದು ತಟ್ಟಿದರು.

"ಅವಿಡೆ ವೇಂಡ."

ಅಲ್ಲಿ ಬೇಡ.