ಹಿಮದಡಿಯ ಬಾನುಲಿ



ರಾತ್ರಿ ದೂರದ ನಿಲಯ ಸರಿಯಾಗಿ ಕೇಳಿಸದಿದ್ದರೆ ಟ್ರಾನ್ಸಿಸ್ಟರನ್ನು ಅತ್ತಿತ್ತ ತಿರುಗಿಸುತ್ತೀರಲ್ಲವೇ? ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಇದೇ ಉಪಾಯ ಜೀವ ಉಳಿಸುತ್ತದೆ.

ಚಳಿಗಾಲದ ಕೊನೆಗೆ ನೀವು ಅಲ್ಲಿನ ದಾವೋಸಿಗೆ ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಯಂತ್ರದಲ್ಲಿ ಮೇಲೇರಿ ಸ್ಕೀ ಆಡುವ ಕಾವಲಿನ ಇಳಿಜಾರುಗಳು ಬೇರೆ. ನೀವು ನಾಲ್ವರು ಹೊರಟಿರುವುದು ದಾರಿಯಿಲ್ಲದ ಹಿಮಬೆಟ್ಟಕ್ಕೆ, ಕಾಲ್ಬಲದಿಂದ. ಸ್ಕೀ ಎಂದರೆ ಪಾದಕ್ಕೆ ಕಟ್ಟುವ ಉದ್ದನೆಯ ಜಾರುಪಟ್ಟಿ. ಹತ್ತುವಾಗ ಅದರಡಿ ರೋಮದ ಪಟ್ಟಿ ಅಂಟಿಸುತ್ತಾರೆ. ಕೂದಲು ಹಿಂದಕ್ಕೆ ಮಲಗಿರುವುದರಿಂದ ಸ್ಕೀ ಮುಂದೆ ಸರಿಯುತ್ತದೆ, ಹಿಂದಕ್ಕೆ ಜಾರದು. ದನದ ಮೈ ಸವರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು ಇಳಿಯುವುದು.

ಅಪಾಯವಿರುವುದು ಹಿಮಕುಸಿತದಲ್ಲಿ. ದಾವೋಸಿನಲ್ಲೇ ಇರುವ ಹಿಮ ಸಂಶೋಧನಾ ಸಂಸ್ಥೆ ಅಪಾಯವನ್ನು 1ರಿಂದ 5ರವರೆಗೆ ಅಳೆದು ಪ್ರಕಟಿಸುತ್ತದೆ, ಅದೂ ನಾಲ್ಕು ಭಾಷೆಗಳಲ್ಲಿ. ಗಡಿನಾಡಿನ ನಮಗೆ ತುಸು ಹೊಟ್ಟೆಕಿಚ್ಚೇ! 30 ಡಿಗ್ರಿಗಿಂತ ಕಡಿದಾದ ಇಳಿಜಾರೇ ಹೆಚ್ಚಾಗಿ ಕುಸಿಯುವುದು. ಬಿಸಿಲೇರಿದಂತೆ ಹಿಮ ನೆನೆದು ಸಡಿಲವಾಗುತ್ತದೆ. ಆದ್ದರಿಂದ ನಸುಕಿನಲ್ಲೇ ಹೊರಟು, ಬಿಸಿಲು ಬಲಿಯುವ ಮುನ್ನ ಇಳಿಯಬೇಕು. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರ ಕುಸಿತಕ್ಕೆ ಅವರ ಅಥವಾ ಜೊತೆಯವರ ತೂಕವೇ ಕಾರಣ.

ಹೂತುಹೋದವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂವರು. ಹೆಲಿಕಾಪ್ಟರ್ ಬರುವತನಕ ಕಾಯುವಂತಿಲ್ಲ, ಜೊತೆಗಾರರೇ ಅಗೆಯಬೇಕು. ಎಲ್ಲಿ ಅಗೆಯುವುದು? ಪ್ರತಿಯೊಬ್ಬರ ಎದೆಗೆ ಕಟ್ಟಿದ ಅಂಗೈಯಗಲದ ಪೆಟ್ಟಿಗೆ 457 ಕಿಲೊಹರ್ಟ್ಸ್‌ನಲ್ಲಿ ಮಿಡಿಯುತ್ತಿರುತ್ತದೆ. ನಿಮ್ಮ ಮೀಡಿಯಂ ವೇವ್ ಪಟ್ಟಿಗಿಂತ ಸ್ವಲ್ಪವೇ ಕೆಳಗೆ. ಉಳಿದವರು ತಮ್ಮ ಪೆಟ್ಟಿಗೆಯನ್ನು ಕೇಳುವ ಬದಿಗೆ ಹೊರಳಿಸುತ್ತಾರೆ. ಒಳಗಿರುವುದು ಟ್ರಾನ್ಸಿಸ್ಟರಿನಲ್ಲಿರುವಂಥ ಫೆರೈಟ್ ಕಡ್ಡಿಗಳು. ದಿಕ್ಕಿಗೆ ತಕ್ಕಂತೆ ಅಲೆ ಜೋರಾಗಿ ಅಥವಾ ಕ್ಷೀಣವಾಗಿ ಸಿಗುತ್ತದೆ. ಅದರ ಜಾಡಿನಲ್ಲಿ ಹತ್ತಿರ ಹೋಗಿ, ಉದ್ದನೆಯ ಸರಳು ಚುಚ್ಚಿ ನೋಡಿ, ಸಲಿಕೆಯಿಂದ ಅಗೆಯುತ್ತಾರೆ. ಟ್ಯೂಬ್‌ಲೈಟ್ ಹಾಕಿದರೆ ರೇಡಿಯೊ ಗೊರಗುಡುವಂತೆ ಮೊಬೈಲ್ ಫೋನು ಈ ಪೆಟ್ಟಿಗೆಯನ್ನೂ ಕೆಡಿಸುತ್ತದೆ. ಹುಡುಕುವಾಗ ಫೋನನ್ನು ಅರ್ಧ ಮೀಟರಾದರೂ ದೂರವಿಡಬೇಕು.

ಬೆಳಿಗ್ಗೆ ಹೆಜ್ಜೆ ಹಾಕುವ ಮೊದಲು ಒಬ್ಬರು ಕೇಳುತ್ತ ನಿಲ್ಲುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋಗುತ್ತಾರೆ. ಕೊನೆಗೆ ನಿಂತವರ ಪೆಟ್ಟಿಗೆಯನ್ನೂ ಹಾಗೆಯೇ ನೋಡಬೇಕು. ಒಂದೇ ಒಂದು ಪೆಟ್ಟಿಗೆ ಸುಮ್ಮನಿದ್ದರೂ ಅಂದು ಹತ್ತಕೂಡದು.