ಕಣ್ಣು ಮಂಜಾದಾಗ 60 ನಿಮಿಷದ ಲೆಕ್ಕ

ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಮಂದಿಯ ಸಮೀಕ್ಷೆ ನಡೆಸಿದ್ದರು. ಒಂದು ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ಸುಮಾರು ಶೇ 25. ಮೈಗ್ರೇನ್ ಇರುವವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜನರಿಗೆ 'ಔರಾ' ಬರುತ್ತದೆ. ತಲೆನೋವಿಗೆ ಮೊದಲು ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳಿಗೆ ಆ ಹೆಸರು.

ಔರಾದ ಅವಧಿ 5ರಿಂದ 60 ನಿಮಿಷ. ಓದುತ್ತಿರುವ ಸಾಲಿನಲ್ಲಿ ಒಂದೆರಡು ಅಕ್ಷರ ಕಾಣದಾಗುತ್ತವೆ. ಆ ಚುಕ್ಕೆ ನಿಧಾನವಾಗಿ ಅಂಚಿನ ಕಡೆ ಹರಡಿ ಅಳಿಸಿಹೋಗುತ್ತದೆ. ಇದು ಮಿದುಳಿನಲ್ಲಿ ನಡೆಯುವ ಕ್ರಿಯೆಯಾದ್ದರಿಂದ ಯಾವ ಕಣ್ಣು ಮುಚ್ಚಿದರೂ ಗೆರೆ ಹೋಗದು. ಆದರೆ ವಯಸ್ಸು 50 ದಾಟಿದ ಮೇಲೆ ಔರಾ ಮೊದಲ ಬಾರಿ ಕಂಡರೆ ತಪಾಸಣೆ ಬೇಕು.

ದೃಷ್ಟಿನರದ ಉರಿಯೂತ, ಅಂದರೆ ಆಪ್ಟಿಕ್ ನ್ಯೂರೈಟಿಸ್, ನಿಮಿಷಗಳಲ್ಲಿ ಮುಗಿಯುವುದಿಲ್ಲ. ಸಾಮಾನ್ಯವಾಗಿ ಒಂದೇ ಕಣ್ಣಿನ ದೃಷ್ಟಿ ಕೆಲವು ದಿನಗಳಿಂದ 2 ವಾರದವರೆಗೆ ಕುಸಿಯುತ್ತದೆ. 1988ರಿಂದ 1991ರವರೆಗೆ ಅಮೆರಿಕದ 15 ಕೇಂದ್ರಗಳಲ್ಲಿ 457 ರೋಗಿಗಳನ್ನು ಸೇರಿಸಿಕೊಂಡ ಚಿಕಿತ್ಸಾ ಪ್ರಯೋಗದಲ್ಲಿ ಶೇ 92 ಮಂದಿಗೆ ಕಣ್ಣು ನೋವಿತ್ತು. ಕಣ್ಣು ಹೊರಳಿಸಿದಾಗ ಹೆಚ್ಚುವ ನೋವು ಅದು. ಶೇ 77 ಮಂದಿ ಮಹಿಳೆಯರು, ಸರಾಸರಿ ವಯಸ್ಸು 32.

ಬಣ್ಣದ ಗ್ರಹಿಕೆಯೂ ಕುಗ್ಗುತ್ತದೆ. ಕೆಂಪು ಬಾಟಲಿ ಮುಚ್ಚಳವನ್ನು ಒಂದೊಂದೇ ಕಣ್ಣಿನಿಂದ ನೋಡಿದರೆ, ನರ ಕೆಟ್ಟ ಕಣ್ಣಿಗೆ ಅದು ತೊಳೆದು ಮಾಸಿದಂತೆ ಕಾಣುತ್ತದೆ. ಮನೆಯಲ್ಲೇ ಮಾಡಬಹುದಾದ ಈ ಪರೀಕ್ಷೆಗೆ ಖರ್ಚಿಲ್ಲ; ಆದರೆ ಇದು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಅದೇ ಪ್ರಯೋಗದಲ್ಲಿ ನರದ ತುದಿ ಊದಿಕೊಂಡಿದ್ದದ್ದು ಶೇ 35 ಮಂದಿಯಲ್ಲಿ ಮಾತ್ರ. ಉಳಿದ ಶೇ 65 ಮಂದಿಯ ಕಣ್ಣಿನ ಹಿಂಭಾಗ ಸಹಜವಾಗಿಯೇ ಕಂಡಿತ್ತು. 'ಒಳಗೆ ಎಲ್ಲ ಸರಿ ಇದೆ' ಎಂಬ ಮಾತಷ್ಟೇ ಸಾಲದು. ಟಾರ್ಚನ್ನು ಎರಡೂ ಕಣ್ಣಿಗೆ ಸರದಿಯಂತೆ ಹಾಯಿಸಿ ಪಾಪೆಯ ಪ್ರತಿಕ್ರಿಯೆ ನೋಡಿದರೇ ನರದ ದೋಷ ಹೊರಬೀಳುವುದು.

ತಪಾಸಣೆ ಏಕೆ ಮುಖ್ಯ? ಆ ಪ್ರಯೋಗದ ರೋಗಿಗಳಲ್ಲಿ 15 ವರ್ಷದೊಳಗೆ ಶೇ 50 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಬಂತು. ಎಂಆರ್‌ಐನಲ್ಲಿ ಮಿದುಳಿನ ಕಲೆ ಇಲ್ಲದವರಲ್ಲಿ ಈ ಪ್ರಮಾಣ ಶೇ 25, ಇದ್ದವರಲ್ಲಿ ಶೇ 72.

ಅಂಗಡಿಯಿಂದ ತಂದ ಸ್ಟೀರಾಯ್ಡ್ ಮಾತ್ರೆ ಇದಕ್ಕೆ ಮದ್ದಲ್ಲ. ಅದೇ ಪ್ರಯೋಗದಲ್ಲಿ ಮಾತ್ರೆ ಮಾತ್ರ ನುಂಗಿದವರಲ್ಲಿ 2 ವರ್ಷದೊಳಗೆ ಶೇ 30 ಮಂದಿಗೆ ರೋಗ ಮರುಕಳಿಸಿತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ 16 ಮಂದಿಗೆ. ಒಂದು ಕಣ್ಣಿನ ಮಂಜು 60 ನಿಮಿಷ ದಾಟಿದರೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ.